ಕೊರಿಯಾ ಯುದ್ಧ ಮತ್ತು ನನ್ನ ಹಾಲುಗಂಬ

ನನ್ನ ಮದುವೆ ನಿಂತೇ ಹೋಗುವುದರಲ್ಲಿದ್ದದ್ದು ಅಮೆರಿಕದ ಅಧ್ಯಕ್ಷನಿಂದ. ಇದನ್ನು ಹೇಳಿದರೆ ಜನ ಈಗಲೂ ನಗುತ್ತಾರೆ. ನಗಲಿ. ಆಗ ಅತ್ತವಳು ನಾನು.

ಸಾವಿರದ ಒಂಬೈನೂರ ಐವತ್ತೊಂದನೇ ಇಸವಿ. ಕೊಡಗು ಆಗ ತನ್ನಷ್ಟಕ್ಕೆ ಒಂದು ರಾಜ್ಯ. ಹಾಸನದ ಕಡೆಯಿಂದ ಬಂದು ಹಾರಂಗಿ ಹೊಳೆಯ ದಡದಲ್ಲಿ ಗದ್ದೆ ಮಾಡಿಕೊಂಡ ನಾಲ್ಕಾರು ಮನೆಗಳಲ್ಲಿ ನಮ್ಮದೂ ಒಂದು. ನನ್ನ ಅಪ್ಪ ಕೆಂಪಣ್ಣನಿಗೆ ಓದಲು ಬರುತ್ತಿರಲಿಲ್ಲ. ಅಭಿಪ್ರಾಯಗಳು ಮಾತ್ರ ಧಾರಾಳವಾಗಿ ಬರುತ್ತಿದ್ದವು. ಮಡಿಕೇರಿಯಲ್ಲಿ ಕೂತ ಚೀಫ್ ಕಮಿಷನರ್ ಹೆಸರೇನೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದ, ಅಮೆರಿಕದ ಅಧ್ಯಕ್ಷ ಬೆಳಗ್ಗೆ ಎದ್ದು ಏನು ಮಾಡಬೇಕಿತ್ತು ಎಂಬುದನ್ನು ಮಾತ್ರ ನಿಂತ ನಿಲುವಿನಲ್ಲಿ ಹೇಳುತ್ತಿದ್ದ.

ಇದಕ್ಕೆಲ್ಲ ಎಣ್ಣೆ ಹೊಯ್ಯುತ್ತಿದ್ದವಳು ನಾನೇ. ಸಂತೆಗೆ ಹೋದಾಗಲೆಲ್ಲ ಅಪ್ಪ ಅಲ್ಲಿನ ಹೋಟೆಲಿನಿಂದ ವಾರದ ಹಳೆಯ ಪೇಪರುಗಳನ್ನು ಕಟ್ಟಿಸಿಕೊಂಡು ಬರುತ್ತಿದ್ದ. ಎಂಟನೇ ಕ್ಲಾಸು ಮುಗಿಸಿದ ನಾನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಬೇಕು. ಕೇಳಲು ಇಬ್ಬರು. ಕಂಬಕ್ಕೆ ಒರಗಿಕೊಂಡು ಅಪ್ಪ. ಮೆಟ್ಟಿಲ ಮೇಲೆ ನನ್ನ ಸೋದರಮಾವ ಸಣ್ಣಸ್ವಾಮಿ. ಹೊಳೆಯ ಆಚೆ ದಡದಲ್ಲಿ ಒಬ್ಬನೇ ಇದ್ದ ಮಾವ ದೊಡ್ಡ ಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ಬಂದವನು. ಸೈನ್ಯದ ಸಾಮಾನು ಹೊರುವ ಹೇಸರಗತ್ತೆಗಳನ್ನು ನೋಡಿಕೊಳ್ಳುವ ಕೆಲಸ ಅವನದು. ಆ ಬಗ್ಗೆ ಅವನೂ ಹೇಳಿದವನಲ್ಲ, ನಾವೂ ಕೇಳಿದವರಲ್ಲ.

ಪೇಪರಿನ ತುಂಬ ಆಗ ಕೊರಿಯಾ ಯುದ್ಧ. ಅಮೆರಿಕದ ಸೇನಾಪತಿ ಚೀನಾದ ಒಳಗೂ ನುಗ್ಗಿ ಬಾಂಬು ಹಾಕೋಣವೆಂದ, ಅಧ್ಯಕ್ಷ ಬೇಡವೆಂದ, ಮಾತು ಕೇಳದ ಸೇನಾಪತಿಯನ್ನು ಕೆಲಸದಿಂದಲೇ ತೆಗೆದ. ಆ ಸುದ್ದಿ ಓದಿದ ದಿನ ಅಪ್ಪನಿಗೆ ಊಟ ಸೇರಲಿಲ್ಲ.

"ಹಂದಿ ಪಕ್ಕದ ಪೊದೇಲಿ ಐತೆ, ದಿನಾ ಬಂದು ಗದ್ದೆ ಮೇಯ್ತಾ ಐತೆ. ನಾವು ಬದಿನ ಮೇಲೆ ಕೂತ್ಕಂಡು ತಟ್ಟೆ ಬಡೀತಾ ಇರ್ಬೇಕಾ? ಪೊದೆಗೆ ನುಗ್ಗಿ ಹೊಡೀಬೇಕು. ಇವನೆಂಥ ಅಧ್ಯಕ್ಷ!" ಎಂದ ಅಪ್ಪ.

"ನುಗ್ಗೋದು ನೀವಲ್ಲವಲ್ಲ ಭಾವ," ಎಂದ ಮಾವ. "ಆ ವಯ್ಯ ಈಗ ಮಾಡಿದ್ದು ಸರಿ ಐತೆ. ಮೊದ್ಲು ಕೊರಿಯಾ ನಡುವಿನ ಆ ಗೆರೆ ದಾಟ್ಸಿ ಚೀನಾ ಗಡಿ ಹೊಳೆತಂಕ ಸೈನ್ಯ ಕಳಿಸ್ದೋನೂ ಅವ್ನೇಯ, ಅದು ತಪ್ಪು. ತಡವಾಗಾದ್ರೂ ಬುದ್ಧಿ ಬಂತಲ್ಲ."

"ಅರ್ಧಕ್ಕೆ ನಿಲ್ಸೋದಾದ್ರೆ ಯಾಕಯ್ಯ ಶುರು ಮಾಡ್ಬೇಕಿತ್ತು?"

"ಅದನ್ನೇ ನಾನೂ ಕೇಳ್ತಿರೋದು."

ಹೀಗೆ ಎಮ್ಮೆ ಕರೆಯುವ ಹೊತ್ತಿನವರೆಗೆ. ಅಮ್ಮ ಒಳಗಿನಿಂದ, "ನಿಮಗೆ ಕಾಗದ ಬರೆದು ಕೇಳಿದ್ನಾ ಅವ್ನು? ಗೊಬ್ಬರ ಹೊರೋರು ಯಾರು?" ಎಂದು ಕೂಗುತ್ತಿದ್ದಳು. ಯಾರಿಗೂ ಕೇಳಿಸುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ವೀಳ್ಯಶಾಸ್ತ್ರದ ದಿನ, ಗಂಡಿನ ಕಡೆಯವರೆಲ್ಲ ಎಲೆ ಮುಂದೆ ಕೂತಿರುವಾಗ, ನನ್ನ ಮಾವನವರಾಗಲಿದ್ದವರು ಮಾತಿಗೆ ಬೇರೆ ವಿಷಯ ಸಿಗದೆ, "ಪೇಪರ್ ತರಿಸ್ತೀರಂತೆ, ಏನು ಸಮಾಚಾರ?" ಎಂದು ಕೇಳಿಬಿಟ್ಟರು. ಆ ಮನುಷ್ಯನ ಮೇಲೆ ನನಗೆ ಅವರು ತೀರಿಕೊಳ್ಳುವವರೆಗೂ ಸಿಟ್ಟಿತ್ತು. ಮಳೆ ಬೆಳೆ ಕೇಳಬಾರದಿತ್ತೆ?

ಅಪ್ಪ ಶುರು ಮಾಡಿದ. ಸಣ್ಣಸ್ವಾಮಿ ಮಾವ ಎರಡು ಸಲ ಕೇಳಿಸದವನಂತೆ ಉಂಡ. ಮೂರನೇ ಸಲ, "ಭಾವ, ದೂರದಲ್ಲಿ ಕೂತು ದಾಟಿ ಅನ್ನೋದು ಬಲು ಸಲೀಸು," ಎಂದ. ಬೀಗರ ಮುಂದೆ ಎದುರುತ್ತರ ಕೊಟ್ಟನೆಂದು ಅಪ್ಪನಿಗೆ ನೆತ್ತಿಗೇರಿತು.

"ಹೇಸರಗತ್ತೆ ಹಗ್ಗ ಹಿಡ್ದೋನಿಗೆ ಯುದ್ಧದ ವಿಚಾರ ಏನೋ ಗೊತ್ತು? ಮೊಣಕಾಲುದ್ದ ನೀರು ಕಂಡ್ರೆ ಎರಡು ಮೈಲಿ ಸುತ್ತೋ ಸಿಪಾಯಿ ನೀನು!"

ಎಲ್ಲರೂ ನಕ್ಕರು. ಬೇಸಿಗೆಯಲ್ಲಿ ಹಾರಂಗಿಯನ್ನು ಮಕ್ಕಳು ಮರಿಯೂ ನಡೆದೇ ದಾಟುತ್ತಿದ್ದವು. ಮಾವ ಮಾತ್ರ ರಸ್ತೆಯ ಸೇತುವೆ ಬಳಸಿ ಬರುತ್ತಿದ್ದ. ಬೂಟು ನೆನೆಯುತ್ತದೆಂದು ಹೀಗೆ ಮಾಡುತ್ತಾನೆ ಎಂಬುದು ಊರಿನ ಹಳೆಯ ತಮಾಷೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಾನೂ ನಕ್ಕೆ. ಮಾವ ನನ್ನ ಕಡೆ ಒಮ್ಮೆ ನೋಡಿದ. ಬಡಿಸಿದ ಪಾಯಸ ಹಾಗೆಯೇ ಬಿಟ್ಟು ಎಲೆ ಮುಂದಿನಿಂದ ಎದ್ದು ಹೋದ.

ನಮ್ಮಲ್ಲಿ ಸೋದರಮಾವನಿಲ್ಲದೆ ಹೆಣ್ಣಿನ ಮದುವೆ ಆಗುವುದಿಲ್ಲ. ಚಪ್ಪರಕ್ಕೆ ಮೊದಲು ನೆಡುವ ಹಾಲುಗಂಬವನ್ನು, ಅಂದರೆ ಹಾಲು ಒಸರುವ ಅತ್ತಿಮರದ ಹಸಿ ಕೊಂಬೆಯನ್ನು, ಅವನೇ ಕಡಿದು ತರಬೇಕು. ಹೆಣ್ಣನ್ನು ಎತ್ತಿಕೊಂಡು ಹೋಗಿ ಹಸೆಮಣೆಯ ಮೇಲೆ ಕೂರಿಸಬೇಕಾದವನೂ ಅವನೇ. ಅವನನ್ನು ಕರೆಯಲು ಹೆಣ್ಣಿನ ತಂದೆಯೇ ವೀಳ್ಯ ಹಿಡಿದು ಹೋಗಬೇಕು. ಗಂಡಿನ ಅಜ್ಜಿ ಹೊರಡುವಾಗ ಗಾಡಿ ಹತ್ತಿ ಕೂತು, "ಸ್ವಂತ ಸೋದರಮಾವ ಹಾಲುಗಂಬ ನೆಡದಿದ್ರೆ ನಮ್ಮ ಹುಡುಗ ನಿಮ್ಮ ಚಪ್ಪರದೊಳಕ್ಕೆ ಬರಕಿಲ್ಲ," ಎಂದು ಹೇಳಿಯೇ ಹೋದಳು. ಲಗ್ನಕ್ಕೆ ಹದಿನಾರು ದಿನ ಇತ್ತು.

ಅಪ್ಪ ಜಪ್ಪಯ್ಯ ಅನ್ನಲಿಲ್ಲ. "ಅವನಾಗೇ ಬರ್ಲಿ. ಅಧ್ಯಕ್ಷಂದು ತಪ್ಪು ಅಂತ ಒಪ್ಕಳ್ಲಿ, ಆಮೇಲೆ ವೀಳ್ಯ. ಇಲ್ದಿದ್ರೆ ಪುಟ್ಟರಾಜು ಅವ್ನೆ." ಪುಟ್ಟರಾಜು ಅಮ್ಮನ ದೊಡ್ಡಪ್ಪನ ಮಗ. ವಯಸ್ಸು ಎಪ್ಪತ್ತು, ದಮ್ಮು ಬೇರೆ. ಅವನು ನನ್ನನ್ನು ಎತ್ತುವುದಿರಲಿ, ನಾನೇ ಅವನನ್ನು ಎತ್ತಿಕೊಂಡು ಹಸೆಮಣೆಗೆ ಹೋಗಬೇಕಾಗಿತ್ತು. ಅಮ್ಮ, "ನನ್ನ ತಮ್ಮ ಬದುಕಿರುವಾಗ ಬೇರೆಯವರ ಕೈಲಿ ಕಂಬ ನೆಡಿಸಿದ್ರೆ ನಾನು ಧಾರೆಗೆ ನಿಲ್ಲಕಿಲ್ಲ," ಎಂದು ಒಲೆ ಮುಂದೆ ಕೂತುಬಿಟ್ಟಳು. ಒಬ್ಬರಿಗಿಂತ ಒಬ್ಬರು! ಎಲ್ಲೋ ಸಮುದ್ರದಾಚೆ ಯಾರೋ ಯಾರನ್ನೋ ಕೆಲಸದಿಂದ ತೆಗೆದದ್ದಕ್ಕೆ ನಾನು ಮನೆಯಲ್ಲಿ ಕೊಳೆಯಬೇಕೆ?

ಹತ್ತು ದಿನ ಕಾದೆ. ಹನ್ನೊಂದನೇ ದಿನ ಬೆಳಗ್ಗೆ ಸೀರೆ ಎತ್ತಿಕಟ್ಟಿ ಹೊಳೆ ದಾಟಿ ಮಾವನ ಮನೆಗೆ ಹೋದೆ. ಅವನು ಅಂಗಳದಲ್ಲಿ ಕುಡುಗೋಲು ಮಸೆಯುತ್ತಿದ್ದ.

"ನಿಮ್ಮಿಬ್ಬರ ಯುದ್ಧಕ್ಕೆ ನಾನು ಯಾಕೆ ಸಾಯ್ಬೇಕು ಮಾವ? ತಪ್ಪು ಅಂತ ಒಂದು ಮಾತು ಹೇಳ್ಬಿಡು. ಆ ಅಧ್ಯಕ್ಷ ಏನು ಕೇಳಿಸ್ಕತಾನಾ?" ಎಂದು ಕೂಗಾಡಿದೆ.

ಅವನು ಕುಡುಗೋಲಿನ ಅಲಗನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿದ. ಆಮೇಲೆ ಕುಡುಗೋಲು ಕೆಳಗಿಟ್ಟ.

"ಅವತ್ತು ನೀನೂ ನಕ್ಕೆ ಕೂಸು," ಎಂದ.

ನಾನು ಅಂಗಳದಲ್ಲೇ ಕುಕ್ಕರಿಸಿದೆ. ಅವನೇ ಹೇಳತೊಡಗಿದ.

"ಬರ್ಮಾದಲ್ಲಿ ಒಂದು ಹೊಳೆ. ಮಳೆಗಾಲ. ನೀರು ಇಳಿದಿಲ್ಲ, ದಾಟಕ್ಕಾಗಲ್ಲ ಅಂತ ನಮ್ಮ ಜಮಾದಾರ ಹೇಳ್ದ. ಟೆಲಿಫೋನಲ್ಲಿ ಯಾರೋ ದಾಟಿ ಅಂದ. ಅವ್ನು ಆ ಹೊಳೆ ಕಂಡೋನಲ್ಲ. ಇಳಿದ್ವಿ. ವಿರಾಜಪೇಟೆ ಕಡೆಯೋನು ಬೆಳ್ಯಪ್ಪ ಅಂತ ಒಬ್ಬ ಇದ್ದ, ನನ್ನ ಜೊತೆಗಾರ. ನಡುನೀರಲ್ಲಿ ಕಾಲು ತಪ್ಪಿದ. ಬಲಗೈಲಿ ಅವ್ನ ಕೈ ಹಿಡ್ಕಂಡಿದ್ದೆ. ಇನ್ನೊಂದು ಕೈಲಿ ಹೇಸರಗತ್ತೆ ಹಗ್ಗ. ಎರಡನ್ನೂ ಹಿಡ್ಕಳಕ್ಕೆ ಆಗ್ಲಿಲ್ಲ. ಸರ್ಕಾರದ ಸಾಮಾನು ಬಿಡಬ್ಯಾಡಿ ಅಂತ ಹುಕುಂ ಆಗಿತ್ತಲ್ಲ, ಕೈಗೆ ಅದೇ ಅಭ್ಯಾಸ ಆಗೋಗಿತ್ತು. ಹಗ್ಗ ಹಿಡ್ಕಂಡೆ. ಅವ್ನ ಬಿಟ್ಟೆ." ಅವನು ತನ್ನ ಬಲಗೈಯನ್ನು ಮಡಿಚಿ ಬಿಡಿಸಿದ. "ಮೂರು ದಿನ ಕಳೆದು ಎಲ್ಲಾರೂ ವಾಪಸ್ ಬನ್ನಿ ಅಂತ ಆರ್ಡರ್ ಬಂತು."

"ಇದನ್ನ ಅಪ್ಪನಿಗೆ ಯಾಕೆ ಹೇಳ್ಲಿಲ್ಲ?"

"ನಿಮ್ಮಪ್ಪ ಪೇಪರಲ್ಲಿ ಬಂದದ್ದು ಬಿಟ್ಟು ಬೇರೇದು ನಂಬ್ತಾನಾ?"

ದಾರಿಯುದ್ದಕ್ಕೂ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಸತ್ತವರ ಲೆಕ್ಕವನ್ನು ರಾಗವಾಗಿ ಓದಿ ಭೇಷ್ ಅನ್ನಿಸಿಕೊಳ್ಳುತ್ತಿದ್ದವಳು ನಾನು. ಆ ಮೆಟ್ಟಿಲ ಮೇಲೆ ಮಾವ ಅದನ್ನು ಹೇಗೆ ಕೇಳಿಸಿಕೊಂಡು ಕೂತಿದ್ದನೋ. ಮನೆ ಮುಟ್ಟುವ ಹೊತ್ತಿಗೆ ಮಾತ್ರ, ಅವನು ಕೊನೆಗೆ ಹೇಳಿದ ಮಾತೇ ನನ್ನ ತಲೆಯಲ್ಲಿ ನಿಂತಿತ್ತು.

ಮಧ್ಯಾಹ್ನ ಊಟವಾದ ಮೇಲೆ ಪೇಪರ್ ಹಿಡಿದು ಜಗಲಿಗೆ ಬಂದೆ. ಎದುರಿಗಿದ್ದ ಪುಟದಲ್ಲಿ ಇದ್ದದ್ದು ತಲೆಗೂದಲ ಎಣ್ಣೆಯ ಜಾಹೀರಾತು, ಉದ್ದ ಜಡೆಯ ಹೆಂಗಸಿನ ಚಿತ್ರ. ಅದನ್ನು ನೋಡುತ್ತ ಓದಿದೆ: ಯುದ್ಧಭೂಮಿಯಿಂದ ಬಂದ ವರದಿ, ತುಂಬಿದ ಹೊಳೆ, ದೂರದಲ್ಲಿ ಕೂತವರ ಹುಕುಂ, ಒಬ್ಬ ಸಿಪಾಯಿ, ಅವನ ಒಂದು ಕೈಯಲ್ಲಿ ಗೆಳೆಯ, ಇನ್ನೊಂದರಲ್ಲಿ ಹೇಸರಗತ್ತೆಯ ಹಗ್ಗ.

ಅಪ್ಪ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. "ಯಾವುದನ್ನ ಬಿಟ್ಟ?"

"ಗೆಳೆಯನ್ನ."

"ಅಯ್ಯೋ ಪಾಪಿ," ಎಂದವನು ಬಾಯಲ್ಲಿದ್ದದ್ದನ್ನು ಅಂಗಳಕ್ಕೆ ಉಗಿದು, "ಅವ್ನೇನು ಮಾಡ್ತಾನೆ. ಇಳೀರಿ ಅಂದೋನ್ನ ಮೊದ್ಲು ಆ ಹೊಳೇಲಿ ಇಳಿಸ್ಬೇಕು," ಎಂದ. ಮತ್ತೆ, "ಆ ಸಿಪಾಯಿ ಹೆಸ್ರು ಹಾಕವ್ರಾ?"

"ಹಾಕವ್ರೆ. ಸಣ್ಣಸ್ವಾಮಿ."

ಒಳಗೆ ಅಕ್ಕಿ ಕೇರುತ್ತಿದ್ದ ಅಮ್ಮನ ಮೊರದ ಸದ್ದು ನಿಂತಿತು. ಅಪ್ಪ ನನ್ನ ಕೈಯಿಂದ ಪೇಪರ್ ತೆಗೆದುಕೊಂಡು ಜಡೆಯ ಹೆಂಗಸನ್ನು ದಿಟ್ಟಿಸಿದ. "ಎಲ್ಲಿ ಬರ್ದವ್ರೆ, ತೋರ್ಸು."

"ಇದ್ರಲ್ಲಿಲ್ಲ ಅಪ್ಪ. ಬರ್ಮಾದಲ್ಲಿ ಆದದ್ದು. ಮಾವ ಇವತ್ತು ಹೇಳಿದ್ದು."

ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದುಕೊಂಡಿದ್ದೆ. ಅಪ್ಪ ಪೇಪರನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟ. "ಬಡ್ಡೀಮಗ, ಐದಾರು ವರ್ಷ ಇಲ್ಲೇ ಕೂತಿದ್ನಲ್ಲ. ಒಂದು ಮಾತು ಹೇಳಕ್ಕೆ ಏನು ದಾಡಿ ಅವ್ನಿಗೆ?" ಎಂದು ಗುಡುಗಿದ.

"ನೀವು ಬಾಯಿ ಬಿಡಕ್ಕೆ ಬಿಟ್ರೆ ತಾನೆ!" ಎಂದಳು ಅಮ್ಮ. ಆ ಸಲ ಅವಳ ಮಾತು ಕೇಳಿಸಿತು.

ಮರುದಿನ ಬೆಳಗ್ಗೆ ಅಪ್ಪ ತಟ್ಟೆಯಲ್ಲಿ ವೀಳ್ಯ ಇಟ್ಟುಕೊಂಡು, ಪಂಚೆ ಎತ್ತಿಕಟ್ಟಿ ಹೊಳೆಗೆ ಇಳಿಯಲು ಹೋದ. ದಡದಲ್ಲಿ ನಿಂತು ನೀರು ನೋಡಿದ. ಆಮೇಲೆ ಪಂಚೆ ಇಳಿಬಿಟ್ಟು ಮೇಲೆ ಹತ್ತಿ, ಸೇತುವೆಯ ರಸ್ತೆ ಹಿಡಿದು ನಡೆದ. ಅಮ್ಮನೂ ನಾನೂ ಹಿತ್ತಲಿನಿಂದ ನೋಡುತ್ತಿದ್ದೆವು.

ಚಪ್ಪರದ ದಿನ ಮಾವ ಹಾಲುಗಂಬ ಹೊತ್ತುಕೊಂಡು ಸುತ್ತು ದಾರಿಯಲ್ಲೇ ತಡವಾಗಿ ಬಂದ. ಯಾರೂ ಬೂಟಿನ ಮಾತೆತ್ತಲಿಲ್ಲ. ಗುಂಡಿಗೆ ಇಳಿಸುವಾಗ ಅಪ್ಪ ಕಂಬದ ಇನ್ನೊಂದು ತುದಿ ಹಿಡಿದ. ಇಷ್ಟಾದ ಮೇಲೆ ಇಬ್ಬರಿಗೂ ಬುದ್ಧಿ ಬಂತೆಂದುಕೊಳ್ಳಬೇಡಿ. ಮದುವೆಯ ದಿನ ಮಾವ ನನ್ನನ್ನು ಎತ್ತಿಕೊಂಡು ಹಸೆಮಣೆಯ ಕಡೆ ಹೊರಟಾಗ ಅಪ್ಪ ಪಕ್ಕದಲ್ಲೇ ನಡೆಯುತ್ತ, "ನೀನು ಏನೇ ಹೇಳು ಸಣ್ಣ, ಆ ಸೇನಾಪತೀನ ತೆಗೀಬಾರ್ದಿತ್ತು ಕಣೋ," ಎಂದ. "ಭಾವ, ಅದು ಹಂಗಲ್ಲ," ಎಂದು ಮಾವ ನಡುಚಪ್ಪರದಲ್ಲಿ ನಿಂತೇಬಿಟ್ಟ. ನಾನು ಬಾಸಿಂಗ ಕಟ್ಟಿಕೊಂಡ ಮದುಮಗಳು, "ಮೊದ್ಲು ನನ್ನ ಇಳ್ಸಿ!" ಎಂದು ಎಲ್ಲರೆದುರಿಗೆ ಕಿರುಚಿದೆ.

ನೀರು ಚಿಮುಕಿಸಿದ ಚಪ್ಪರದ ನೆಲ ಜಾರುತ್ತಿತ್ತು. ಮಾವ ಮಾತು ನಿಲ್ಲಿಸಿ ಒಂದೊಂದೇ ಹೆಜ್ಜೆ ಇಟ್ಟ. ಅವನ ಬಲಗೈ ನನ್ನ ರಟ್ಟೆಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಐದು ಬೆರಳೂ ಮೂಡಿ, ಎಂಟು ದಿನ ಹಸಿರುಗಟ್ಟಿತ್ತು. ಆ ಮದುವೆಯಲ್ಲಿ ನಾನು ಗೊಣಗದೇ ಇದ್ದದ್ದು ಅದೊಂದಕ್ಕೆ.