ಕಾಯಿದೆಯ ಪೆನ್ನು

"ಹೆಲ್ಮೆಟ್ಟಿಗೆ ನಾನೂರು ಡಾಲರ್, ಬೂಟಿಗೆ ನೂರಿಪ್ಪತ್ತು, ಬೇಸಿಗೆ ಶಿಬಿರಕ್ಕೆ ಇನ್ನೂರು. ಈಗ ಎದೆಗೆ ತಂತಿ ಹಚ್ಚಿ ನೋಡೋಕೆ ಮತ್ತೆ ನಲವತ್ತಾ?" ಟ್ರೆಂಟ್ ಹಾಲ್ಕಮ್ ಊಟದ ತಟ್ಟೆ ಸರಿಸಿ ಹಾಳೆಯನ್ನು ಮುಂದಕ್ಕೆಳೆದುಕೊಂಡ. "ಓರ್ವಿಲ್, ನಿಮ್ಮ ಹತ್ರ ಪೆನ್ ಇದ್ಯಾ?"

ಓರ್ವಿಲ್ ಸ್ಟಾಕರ್ ಕೋಟಿನ ಒಳಜೇಬಿಗೆ ಕೈಹಾಕಿ ತೆಗೆದುಕೊಟ್ಟ. ಅದು ಯಾವ ಪೆನ್ನೆಂದು ನೆನಪಾದದ್ದು ಕೊಟ್ಟ ಮೇಲೆ.

ಹೆಂಡತಿ ನೆಡ್ರಾಳನ್ನು ಮಣ್ಣು ಮಾಡಿ ಬಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ಊಟ ನಡೆದಿತ್ತು. ಹೈಸ್ಕೂಲಿನ ಫುಟ್‌ಬಾಲ್ ಹುಡುಗರ ತಂದೆತಾಯಿಗಳೆಲ್ಲ ಒಂದೇ ಕಡೆ ಸಿಕ್ಕಿದ್ದರಿಂದ ಕೋಚ್ ಪ್ರೂಯಿಟ್ ಕಾಫಿ ಪಾತ್ರೆಯ ಪಕ್ಕದಲ್ಲೇ ಹಾಳೆಗಳನ್ನು ಹರಡಿಕೊಂಡಿದ್ದ. ಸೋಮವಾರ ಅಭ್ಯಾಸ ಶುರು; ರುಜು ಇಲ್ಲದ ಹುಡುಗ ಮೈದಾನಕ್ಕೆ ಇಳಿಯುವಂತಿರಲಿಲ್ಲ. ಪ್ರೂಯಿಟ್ ಕೆಟ್ಟವನಲ್ಲ. ಬೆಳಿಗ್ಗೆ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಹುಡುಗನಾಗಿದ್ದಾಗ ಓರ್ವಿಲ್‌ನ ಮಗ ಡೆರಲ್ ಜೊತೆ ಒಂದೇ ತಂಡದಲ್ಲಿ ಆಡಿದವನು.

ಹಾಳೆಯ ತಲೆಯ ಮೇಲೆ ದಪ್ಪಕ್ಷರದಲ್ಲಿ 'ಡೆರಲ್ ಸ್ಟಾಕರ್ ಕಾಯಿದೆ' ಎಂದಿತ್ತು. ಕೆಳಗೆ ಎರಡು ಚೌಕ. ನನ್ನ ಮಗುವಿನ ಹೃದಯ ಪರೀಕ್ಷೆ ಬೇಕು, ಒಂದು. ಬೇಡ, ಇನ್ನೊಂದು.

"ದುಡ್ಡಿನ ಮಾತಲ್ಲ ಬಿಡಿ," ಎಂದ ಟ್ರೆಂಟ್. "ಬೇಕು ಅಂತ ಗುರುತು ಹಾಕಿದ್ರೆ ರಿಪೋರ್ಟ್ ಬರೋಕೆ ಮೂರು ವಾರ. ಅಷ್ಟರಲ್ಲಿ ನಮ್ಮ ಕೋಲ್ಬಿ ಜಾಗಕ್ಕೆ ಇನ್ಯಾರೋ ಬಂದು ಕೂತಿರ್ತಾರೆ."

"ಮೊನ್ನೆ ಓಡ್ತಾ ಓಡ್ತಾ ಬಿದ್ನಂತಲ್ಲೋ ನಿನ್ನ ಮಗ?" ಆಲೂಗೆಡ್ಡೆ ಬಡಿಸುತ್ತಿದ್ದ ನೆಡ್ರಾಳ ತಂಗಿ ಲೂವೆಲ್ಲಾ ಕೇಳಿದಳು.

"ಅಯ್ಯೋ, ಬಿಸಿಲಮ್ಮಾ. ಬೆಳಿಗ್ಗೆ ಏನೂ ತಿಂದಿರಲಿಲ್ಲ. ಎರಡೇ ನಿಮಿಷ, ಎದ್ದು ಮತ್ತೆ ಓಡಿದ. ಅವರಮ್ಮನ ಕಿವಿಗೆ ಹಾಕಬೇಡಿ, ಆಟಾನೇ ಬಿಡಿಸಿಬಿಡ್ತಾಳೆ."

ಓರ್ವಿಲ್ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟ.

*

ಅವತ್ತೂ ಆಗಸ್ಟ್. ಓರ್ವಿಲ್ ಮೈದಾನದ ಬೇಲಿಯಾಚೆ ಟ್ರಕ್ಕಿನಲ್ಲಿ ಕಾಯುತ್ತಿದ್ದ. ಓಡುತ್ತಿದ್ದ ಡೆರಲ್ ಇದ್ದಕ್ಕಿದ್ದಂತೆ ಮಂಡಿಯೂರಿ, ಆಮೇಲೆ ಮಗ್ಗುಲಾಗಿ ಬಿದ್ದ. ಓರ್ವಿಲ್ ಬೇಲಿ ಹಾರಿ ಹೋಗುವಷ್ಟರಲ್ಲಿ ಎದ್ದು ಕೂತಿದ್ದ.

"ಕಣ್ಣು ಕತ್ತಲೆ ಬಂತಪ್ಪಾ."

"ಬಿಸಿಲು ಕಣೋ. ಬೆಳಿಗ್ಗೆ ಸರಿಯಾಗಿ ತಿಂದ್ಯಾ? ಅಮ್ಮನಿಗೆ ಹೇಳಬೇಡ, ಆಟ ಬಿಡಿಸ್ತಾಳೆ."

ದಾರಿಯಲ್ಲಿ ಇಬ್ಬರೂ ಐಸ್‌ಕ್ರೀಂ ತಿಂದರು. ಡೆರಲ್ ಎರಡನೆಯ ಸಲ ಬಿದ್ದದ್ದು ಅಕ್ಟೋಬರಿನ ಒಂದು ಚಳಿಯ ಸಂಜೆ. ಅವತ್ತು ಬಿಸಿಲಿರಲಿಲ್ಲ; ಅವನು ಏಳಲೂ ಇಲ್ಲ.

ಶಾಲೆಯ ಅಡುಗೆಮನೆಯಲ್ಲಿ ಸೂಪು ಕಲಕುತ್ತಿದ್ದ ನೆಡ್ರಾ, ಆಡುವ ಮಕ್ಕಳಿಗೆಲ್ಲ ಹೃದಯ ಪರೀಕ್ಷೆ ಕಡ್ಡಾಯವಾಗಲಿ ಎಂದು ಹತ್ತೊಂಬತ್ತು ಚಳಿಗಾಲ ರಾಜಧಾನಿಗೆ ಹೋದಳು. ಶಾಸಕರ ಎದುರು ಮೈಕಿನಲ್ಲಿ ಮೂರು ನಿಮಿಷ ಸಿಗುತ್ತಿತ್ತು. ಪ್ರತಿ ಸಲವೂ ಅವಳು ಶುರುಮಾಡುತ್ತಿದ್ದದ್ದು ಒಂದೇ ಮಾತಿನಿಂದ: "ನನ್ನ ಮಗನಿಗೆ ಏನೋ ಆಗಿದೆ ಅನ್ನೋಕೆ ಒಂದೇ ಒಂದು ಸೂಚನೆ ಇರಲಿಲ್ಲ."

ಟ್ರಕ್ಕು ಓಡಿಸಿಕೊಂಡು ಹೋಗುತ್ತಿದ್ದವನು ಓರ್ವಿಲ್. ಹಿಂದಿನ ಸಾಲಿನಲ್ಲಿ ಕೂತು, ಹತ್ತೊಂಬತ್ತು ಸಲವೂ ಆ ಮಾತು ಕೇಳಿದ.

ಕೊನೆಗೂ ಕಾಯಿದೆ ಬಂತು. ಕಡ್ಡಾಯ ಮಾಡಿದರೆ ಖರ್ಚು ಹೆಚ್ಚು ಎಂದು ಆ ಮಾತನ್ನೇ ಕಿತ್ತುಹಾಕಿ, ತಂದೆತಾಯಿಗೆ ತಿಳಿಸಿ ರುಜು ಪಡೆಯುವ ಹಾಳೆಯನ್ನಷ್ಟೇ ಉಳಿಸಿದ್ದರು. ಗವರ್ನರ್ ಸಹಿ ಮಾಡಿ, ಸಹಿ ಮಾಡಿದ ಪೆನ್ನನ್ನು ನೆಡ್ರಾಳ ಕೈಗಿತ್ತು ಫೋಟೋ ತೆಗೆಸಿಕೊಂಡರು. ಮನೆಗೆ ಬಂದವಳೇ ಅವಳು ಅದನ್ನು ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದಳು.

*

ಆ ಪೆನ್ನೀಗ ಟ್ರೆಂಟನ ಬೆರಳುಗಳ ನಡುವೆ ಇತ್ತು. ಬೆಳಿಗ್ಗೆ ಪೆಟ್ಟಿಗೆಯೊಳಗೆ ಅವಳ ಕೈಯಲ್ಲಿಡಬೇಕೆಂದೇ ಓರ್ವಿಲ್ ತಂದಿದ್ದ. ಮುಚ್ಚಳ ಹಾಕುವ ಹೊತ್ತಿಗೆ ಕೈ ಮುಂದೆ ಬರಲಿಲ್ಲ.

"ಟ್ರೆಂಟ್, ತಡಿ," ಎಂದ ಓರ್ವಿಲ್. "ನಮ್ಮ ಡೆರಲ್ಲೂ ಮೊದಲು ಹಾಗೇ ಬಿದ್ದಿದ್ದ."

ಟ್ರೆಂಟ್ ತಲೆ ಎತ್ತಿದ.

"ಆಗಸ್ಟಲ್ಲಿ. ನನ್ನ ಕಣ್ಣೆದುರಿಗೇ. ಬಿಸಿಲು ಅಂದೆ. ಈಗ ನೀನು ಅಂದ್ಯಲ್ಲ, ಹಾಗೇ ಅಂದೆ. ಅವಳಿಗೆ ಹೇಳಬೇಡ ಅಂತಾನೂ ನಾನೇ ಅಂದೆ."

"ಯಾರಿಗೆ?" ಎಂದಳು ಲೂವೆಲ್ಲಾ. "ನೆಡ್ರಾಗಾ?"

"ಹೂಂ."

"ಅವಳಿಗೆ ಗೊತ್ತಿರಲಿಲ್ವಾ?"

"ಇಲ್ಲ."

ಲೂವೆಲ್ಲಾ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು. "ಅಷ್ಟು ವರ್ಷ ಆ ಮೈಕಿನ ಮುಂದೆ ನನ್ನಕ್ಕನ ಬಾಯಲ್ಲಿ ಸುಳ್ಳು ಹೇಳಿಸಿದ್ರಲ್ಲ, ಭಾವ," ಎಂದಳು, ದನಿ ಏರಿಸದೆ. ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿ ಮೆಟ್ಟಿಲು ಹತ್ತಿ ಹೋದಳು.

ಪ್ರೂಯಿಟ್ ನೆಲ ನೋಡುತ್ತ ನಿಂತಿದ್ದ. ಟ್ರೆಂಟ್ ಓರ್ವಿಲ್‌ನ ಭುಜದ ಮೇಲೆ ಕೈಯಿಟ್ಟ.

"ನಿಮ್ಮ ಸಂಕಟ ನಮಗೆ ಅರ್ಥ ಆಗುತ್ತೆ, ಓರ್ವಿಲ್. ಇವತ್ತಿನ ದಿನ ಮನಸ್ಸು ಏನೇನೋ ಹೇಳುತ್ತೆ. ನೀವು ತಪ್ಪು ಮಾಡಿಲ್ಲ. ಯಾವ ಅಪ್ಪ ಆದ್ರೂ ಹಾಗೇ ಅಂದುಕೊಳ್ತಿದ್ದ."

"ನೀನು ಅಂದುಕೋಬೇಡ, ಮಾರಾಯಾ."

"ಕೋಲ್ಬಿದು ಬೇರೆ. ಅವನು ಗೂಳಿ ಇದ್ದ ಹಾಗಿದ್ದಾನೆ, ನೀವೇ ನೋಡಿದ್ದೀರಲ್ಲ?"

ಅವನು ಎರಡನೆಯ ಚೌಕದಲ್ಲಿ ಗುರುತು ಹಾಕಿ ರುಜು ಮಾಡಿದ. ಪೆನ್ನು ಪಕ್ಕದವರಿಗೆ ಹೋಯಿತು, ಅಲ್ಲಿಂದ ಮುಂದಿನ ಮೇಜಿಗೆ. ಸುತ್ತಿ ಬಂದ ಮೇಲೆ ಟ್ರೆಂಟನೇ ಅದರ ಕ್ಯಾಪು ಹಾಕಿ ಹಿಂದಿರುಗಿಸಿದ.

"ಒಳ್ಳೇ ಪೆನ್ನು. ನುಣ್ಣಗೆ ಬರೆಯುತ್ತೆ."

ಪ್ರೂಯಿಟ್ ಹಾಳೆಗಳನ್ನು ಒಟ್ಟುಮಾಡಿದ. ಮೂವತ್ತೊಂದು ಹುಡುಗರು, ಮೂವತ್ತೊಂದು ರುಜು. ಬೇಕು ಎಂದವರು ಒಬ್ಬರೂ ಇರಲಿಲ್ಲ. ನೆಡ್ರಾ ತನ್ನ ಆಯುಷ್ಯ ಸವೆಸಿ ಗಳಿಸಿದ್ದು ಆ ಹಾಳೆ. ಅವಳಿಗೆ ಯಾವತ್ತೂ ತಿಳಿಯದೆ ಹೋದ ಸತ್ಯವನ್ನು ಅವಳ ಊರಿಗೇ ಹೇಳಿ ಓರ್ವಿಲ್ ಕಳೆದುಕೊಂಡದ್ದು ಲೂವೆಲ್ಲಾಳನ್ನು.

ಮೇಲೆ ಚರ್ಚಿನ ಅಂಗಳದಲ್ಲಿ ಹುಡುಗರು ಕೋಟು ಬಿಚ್ಚಿಟ್ಟು ಚೆಂಡು ಎಸೆಯುತ್ತಿದ್ದರು. ನೆಲಮಾಳಿಗೆಯ ಚಿಕ್ಕ ಕಿಟಕಿಯಿಂದ ಓಡುವ ಕಾಲುಗಳಷ್ಟೇ ಕಾಣುತ್ತಿದ್ದವು. ಕೋಲ್ಬಿಯ ದೊಡ್ಡ ಕಪ್ಪು ಬೂಟುಗಳು ಎಡದಿಂದ ಬಲಕ್ಕೆ ಹಾದುಹೋದವು. ಓರ್ವಿಲ್ ಕಿಟಕಿಯ ಹತ್ತಿರಕ್ಕೆ ಹೋಗಿ, ಅವು ಹಿಂತಿರುಗಿ ಬರುವುದನ್ನೇ ಕಾಯುತ್ತ ನಿಂತ.