ನೋಟ್‌ಬುರ್ಗಕ್ಕ ಆರಿಸಿದ ತಂಗುಮನೆ

ನಮ್ಮ ಟಿರೋಲ್ ಕಣಿವೆಗೆ ನಡಿಗೆಗೆಂದು ಬರುವವರಿಗೆ ತಂಗುವ ಜಾಗ ಗೊತ್ತುಮಾಡಿಕೊಡುವುದು ನನ್ನ ಕೆಲಸ. ಆ ಜುಲೈನಲ್ಲಿ ವಿಯೆನ್ನಾದ ಲಿಯೋಪೋಲ್ಡ್ ಎಂಬವರು, ಕಣ್ಣು ಕಾಣದ ಮಗಳು ಹೆಡ್ವಿಗ್‌ಳೊಡನೆ ಬಂದರು.

"ಹೋಟೆಲ್ ಬೇಡ, ಬೆಟ್ಟದ ಮೇಲೇ ಇರ್ಬೇಕು" ಎಂದಳು ಹುಡುಗಿ.

ಬೆಟ್ಟದ ತುದಿಯಲ್ಲಿ ತಂಗುಮನೆ ನಡೆಸುವ ನೋಟ್‌ಬುರ್ಗಕ್ಕನಿಗೆ ಫೋನ್ ಮಾಡಿ ಹುಡುಗಿಯ ವಿಷಯ ಹೇಳಿದೆ. ಆ ವಾರ ಅವಳಲ್ಲಿ ಒಬ್ಬ ಅತಿಥಿಯೂ ಇರಲಿಲ್ಲ.

"ನನ್ನ ದಾರೀಲಿ ಬರೀ ಜಾರೋ ಕಲ್ಲು ಕಣೋ. ಬೆಟ್ಟದಲ್ಲೇ ನನಗಿಂತ ಕೆಳಗಡೆ ಇರೋ ಸೆವೆರಿನ್ ತಂಗುಮನೆಗೆ ಕಳ್ಸು. ಅಲ್ಲಿಂದ ಕೆರೆವರೆಗೂ ಹುಲ್ಲುದಾರಿ."

ಸೆವೆರಿನ್ ಜೊತೆ ಅವಳು ಮಾತು ಬಿಟ್ಟು ಆರು ವರ್ಷವಾಗಿತ್ತು. "ನಿಜವಾಗ್ಲೂ ಹೇಳ್ತಿದ್ದೀಯಾ ಅಕ್ಕಾ?" ಎಂದೆ.

"ಆ ಮೊಂಡನ ಮೇಲೆ ಸಿಟ್ಟಿದೆ. ಅವನ ದಾರಿ ಮೇಲೆ ನಂಗೇನು ಸಿಟ್ಟು?"

ಮರುದಿನ ಬೆಳಿಗ್ಗೆ ತಂದೆ ಮಗಳಿಬ್ಬರನ್ನೂ ಸೆವೆರಿನ್ ಮನೆಗೆ ಕರೆದೊಯ್ದೆ. ಅರವತ್ತೆಂಟರ ನೋಟ್‌ಬುರ್ಗಕ್ಕ ಎರಡು ಗಂಟೆ ಬೆಟ್ಟ ಇಳಿದು ಬಂದು, ಹುಲ್ಲುದಾರಿಯುದ್ದಕ್ಕೂ ಗೂಟ ನೆಟ್ಟು ಹಗ್ಗ ಕಟ್ಟುತ್ತಿದ್ದಳು. ಸೆವೆರಿನ್ ಪಕ್ಕದಲ್ಲಿ ನಿಂತು ಗೂಟ ಹಿಡಿದುಕೊಡುತ್ತಿದ್ದ.

ಹೆಡ್ವಿಗ್ ಹಗ್ಗದ ಮೇಲೆ ಕೈಯಿಟ್ಟಳು. "ಅಪ್ಪಾ, ನೀನಿಲ್ಲೇ ಕೂತಿರು" ಎಂದು ಒಬ್ಬಳೇ ಹೊರಟಳು.

ಕೆರೆಯ ದಡದಿಂದ ಅವಳ ಖುಷಿಯ ಕೂಗು ಕೇಳಿಸಿದಾಗ ಲಿಯೋಪೋಲ್ಡ್ ಕಣ್ಣೊರೆಸಿಕೊಂಡು, ಅಕ್ಕನಿಗೆ ಕೈಮುಗಿಯುವಂತೆ ತಲೆಬಾಗಿದರು. ಈ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ. ನೋಟ್‌ಬುರ್ಗಕ್ಕನಂಥವಳು ನನಗೆ ಇನ್ನೊಬ್ಬಳು ಸಿಕ್ಕಿಲ್ಲ.