ಮೊಡವೆ ಇಟ್ಟಿಗೆಯ ಕಚೇರಿ

ಗಂಡನ ತೋರುಬೆರಳು ಮೆಟ್ಟಿಲು ಹತ್ತಿ, ತಿರುವಿನಲ್ಲಿ ಒಂದು ಗಳಿಗೆ ತಡೆದು, ಮಹಡಿಯ ಪಡಸಾಲೆಗೆ ಬಂದು ನಿಂತಿತು. ಮೇಜಿನ ಈಚೆ ಕೂತಿದ್ದ ದರ್ಜಿಯಮ್ಮ ತಾನೇ ಮೆಟ್ಟಿಲು ಹತ್ತಿದವಳ ಹಾಗೆ ಉಸಿರು ಬಿಟ್ಟಳು.

"ಇಲ್ಲಿಂದ ನೇರ," ಎಂದ ಗಂಡ. "ಬಲಕ್ಕೆ ಗೋಡೆ. ಎಡಕ್ಕೆ ಕೆಳಗಡೆ ಅಂಗಳ. ಬಿದ್ರೆ ಹಲ್ಲು ಆರಿಸೋಕೆ ಆಳು ಬೇಕು."

"ಬಿಡ್ತು ಅನ್ನಿ. ಗೋಡೆ ಮೇಲೆ ನುಣುಪು ಪಟ್ಟಿ ಸಿಕ್ತಾ?"

"ಸಿಕ್ತು."

"ಅದನ್ನ ಬಿಡ್ಬೇಡಿ. ಅದು ಮುಗಿದಲ್ಲಿ ನಿಮ್ಮ ಕೋಣೆ."

ಬೆರಳು ಪಟ್ಟಿಯ ಮೇಲೆ ಜಾರಿಕೊಂಡು ಹೋಗಿ ಕೊನೆಯ ಬಾಗಿಲ ಸಂದಿಯಲ್ಲಿ ತೂರಿತು. ಒಳಗೊಂದು ಮೇಜು, ಒಂದು ಕುರ್ಚಿ. ಕುರ್ಚಿಯ ಮೇಲೆ ಬೆರಳಿಟ್ಟು ಅವನು ಬೆನ್ನು ನೆಟ್ಟಗೆ ಮಾಡಿಕೊಂಡ, ಆಗಲೇ ಅಲ್ಲಿ ಕೂತವನಂತೆ.

ಅದು ನೀರು ಸರಬರಾಜು ಕಚೇರಿ. ಮಕ್ಕಳು ಒಂದರ ಮೇಲೊಂದು ಒತ್ತಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ದರ್ಜಿಯಮ್ಮ ಕಟ್ಟಿದ್ದು. ಇಟ್ಟಿಗೆಗಳ ನೆತ್ತಿಯ ಮೇಲಿನ ಗುಬುಟುಗಳಿಗೆ ಗಂಡ ಮೊದಲ ದಿನವೇ ಮೊಡವೆ ಎಂದು ಹೆಸರಿಟ್ಟಿದ್ದ. ಒಂದು ಮೊಡವೆಗೆ ಅವಳ ಒಂದು ಪಾದದ ಅಳತೆ. ಬಣ್ಣಕ್ಕೆ ಮಾತ್ರ ಲೆಕ್ಕವಿರಲಿಲ್ಲ. ಕೆಂಪು ಗೋಡೆಗೆ ಹಳದಿ ತೇಪೆ, ಹಸಿರು ಕಂಬದ ಪಕ್ಕ ನೀಲಿ ಕಂಬ; ಕಣ್ಣಿದ್ದವರು ನೋಡಿದರೆ ಗಿಳಿಗಳು ಚಂದಾ ಎತ್ತಿ ಕಟ್ಟಿಸಿದ ಕಚೇರಿ ಎನ್ನಬೇಕು.

ಇಟ್ಟಿಗೆಯ ಮೂಟೆ ನಾದಿನಿಯದು. ಅವಳ ಮಕ್ಕಳು ಬೆಳೆದು ಮೂಟೆ ಅಟ್ಟ ಸೇರಿತ್ತು. ಕೊಡುವುದೇನೋ ಕೊಟ್ಟಳು, ಬಾಯಿ ಸುಮ್ಮನಿರಬೇಕಲ್ಲ.

"ಏನತ್ತಿಗೆ, ಅಣ್ಣನ್ನ ಆಟ ಆಡ್ಸೋ ವಯಸ್ಸಾ ಇದು?"

"ನಿಮ್ಮಣ್ಣ ದೊಡ್ಡೋರಾಗಿದ್ದು ಯಾವಾಗಮ್ಮ?"

"ತಮಾಷೆಗಲ್ಲ. ಒಂದ್ಸಲ ಕೈ ಹಿಡ್ಕೊಂಡು ಆ ಕಚೇರೀಲಿ ಸುತ್ತಿಸಿ ಕರ್ಕೊಂಬಂದ್ರೆ ಆಗೋ ಕೆಲಸ. ಕೊಂಕಣ ಸುತ್ತಿ ಬರೋದು ಯಾಕೆ?"

ಒಳಗಿನಿಂದ ಅಣ್ಣನ ದನಿ ಬಂತು. "ನನ್ನ ಕೈ ಹಿಡಿಯೋಕೆ ಅಂತ ಒಂದ್ಸಲ ಮದುವೆ ಆಗಿದೆ. ಸಾಕು."

ಆ ಮಾತಿನಲ್ಲಿ ನಗು ಇರಲಿಲ್ಲ. ಅವನು ವಿದ್ಯುತ್ ಕಂಬ ಹತ್ತುವ ಕೆಲಸದವನು. ಬೀದಿಯವರೆಲ್ಲ ತಂತಿಯಣ್ಣ ಎಂದೇ ಕರೆಯುತ್ತಿದ್ದರು. ಕಣ್ಣಿನ ನರ ಬತ್ತುತ್ತ ಬಂದು, ಕಂಬ ಬಿಟ್ಟು, ಬೀದಿ ಬಿಟ್ಟು, ಕಡೆಗೆ ಕಿಟಕಿಯ ಪಕ್ಕದ ಕುರ್ಚಿಯೊಂದು ಉಳಿದಿತ್ತು. ಮಾತಿನ ಮಲ್ಲ ಮಾತು ಬಿಟ್ಟಿದ್ದ. ಬೆಳಗ್ಗೆ ಎದ್ದು ಅಂಗಿಗೆ ಗುಂಡಿ ಹಾಕಿಕೊಂಡು, ಹೋಗುವ ಜಾಗವಿಲ್ಲದೆ ಮತ್ತೆ ಬಿಚ್ಚುವುದನ್ನು ದರ್ಜಿಯಮ್ಮ ಹೊಲಿಗೆ ಯಂತ್ರದ ಹಿಂದಿನಿಂದ ನೋಡಿದ್ದಳು. ಒಂದು ದಿನ ಅಂಗಿಯನ್ನೇ ಹಾಕಲಿಲ್ಲ. ಅಂದು ಅವಳಿಗೆ ನಿಜವಾಗಿ ಭಯವಾಯಿತು.

ಅಷ್ಟರಲ್ಲಿ ಸುದ್ದಿ ಬಂತು: ನೀರಿನ ಕಚೇರಿಯಲ್ಲಿ ಫೋನಿನಲ್ಲಿ ದೂರು ಕೇಳಿಕೊಳ್ಳುವ ಜಾಗಕ್ಕೆ ಕಣ್ಣು ಕಾಣದವರನ್ನು ತೆಗೆದುಕೊಳ್ಳುತ್ತಾರೆ. ಆದರೆ ಹಿಂದೆ ಇದ್ದವನೊಬ್ಬ ಮೆಟ್ಟಿಲಲ್ಲಿ ಉರುಳಿ ಕಚೇರಿಯ ತಲೆಗೆ ಬಂದಿತ್ತಂತೆ. ಹಾಗಾಗಿ ಒಂದು ಪರೀಕ್ಷೆ. ಮುಂಬಾಗಿಲಿನಿಂದ ಮಹಡಿಯ ಕುರ್ಚಿಯವರೆಗೆ ಒಬ್ಬನೇ ನಡೆಯಬೇಕು.

ತಂತಿಯಣ್ಣನ ಹಟವೂ ಅಲ್ಲೇ. ಪರೀಕ್ಷೆಗೆ ಮುಂಚೆ ಕೈ ಹಿಡಿಸಿಕೊಂಡು ಆ ಕಚೇರಿಗೆ ಕಾಲಿಡಲಾರ. "ನಾಳೆ ಜೊತೇಲಿ ಕೆಲಸ ಮಾಡೋರು, ಇವತ್ತು ನನ್ನನ್ನ ಕರುವಿನ ಹಾಗೆ ಎಳ್ಕೊಂಡು ಹೋಗೋದು ನೋಡ್ಬೇಕಾ?"

ಹೀಗಾಗಿ ಕರು ಮನೆಯಲ್ಲಿ ಉಳಿದು, ಹಸು ಹೋಗಿಬಂತು. ಕೊಳಾಯಿಯಲ್ಲಿ ನೀರು ಧೋ ಎಂದು ಬರುತ್ತಿದ್ದರೂ ದರ್ಜಿಯಮ್ಮ ನೀರಿಲ್ಲವೆಂದು ದೂರು ಕೊಡಲು ಮೇಲಿಂದ ಮೇಲೆ ಹೋದಳು. ಪಡಸಾಲೆಯಲ್ಲಿ ಹಿಮ್ಮಡಿಗೆ ತುದಿಬೆರಳು ತಾಗಿಸಿ ನಡೆಯುತ್ತಿದ್ದರೆ ಜವಾನ ಕೇಳಿಯೇಬಿಟ್ಟ, "ಏನಮ್ಮಾ, ಮಂಡಿನೋವಾ?"

"ಹೌದಪ್ಪ, ನೀರು ಹೊತ್ತು ಹೊತ್ತು."

ಬಂದು ಬಂದು ಕಟ್ಟಿದಳು. ಮೊದಲು ಎಲ್ಲವನ್ನೂ ಇಟ್ಟಿದ್ದಳು. ಸೂರು, ಬಾಗಿಲಿನ ಕದ, ಕೋಣೆಯ ಕಿಟಕಿಗಳಿಗೆ ಪಡಸಾಲೆಯತ್ತ ತೆರೆಯುವ ಪುಟ್ಟ ರೆಕ್ಕೆ. ಆದರೆ ಕಟ್ಟಡ ಕಣ್ಣಿಗಲ್ಲ, ಬೆರಳಿಗೆ. ಸೂರಿದ್ದರೆ ಬೆರಳು ಒಳಗೆ ಹೋಗದು, ತೆಗೆದಳು. ಕದಗಳು ಉಗುರಿಗೆ ಸಿಕ್ಕಿ ಕಿತ್ತು ಬಂದವು, ತೆಗೆದಳು. ಒಂದು ಮಧ್ಯಾಹ್ನ ಗಂಡ ಪಟಕ್ಕನೆ ಕೈ ಹಿಂದೆಗೆದ.

"ಇದೇನೇ ಚುಚ್ತು?"

"ಏನಿಲ್ಲ, ತಾಳಿ, ತೆಗೀತೀನಿ."

ಕಿಟಕಿಯ ರೆಕ್ಕೆಗಳೂ ಡಬ್ಬಿ ಸೇರಿದವು. ಕಾಗದದ ಮೇಲೆ ಅಂಗಿಯ ಅಳತೆ ಕತ್ತರಿಸುವಾಗ ಗುಂಡಿ, ಕಾಜ ಯಾರಾದರೂ ಇಡುತ್ತಾರೆಯೇ? ದರ್ಜಿಯ ಕೈಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅಡ್ಡಬರುವುದೆಲ್ಲ ಹೋದ ಮೇಲೆ ಬೆರಳು ನೀರಿನ ಹಾಗೆ ಹರಿಯಿತು. ಹರಿಯುವುದನ್ನು ನೋಡುತ್ತ ನೋಡುತ್ತ ತಾನು ತೆಗೆದದ್ದನ್ನು ಅವಳೂ ಮರೆತಳು.

ಪರೀಕ್ಷೆಯ ದಿನ ಮುಂಬಾಗಿಲಲ್ಲಿ ಮೇಲ್ವಿಚಾರಕಿಯೇ ನಿಂತಿದ್ದಳು. ದಪ್ಪನೆಯ ಹೆಂಗಸು, ಕನ್ನಡಕಕ್ಕೆ ದಾರ, ದನಿಯಲ್ಲಿ ಬೆಣ್ಣೆಯೂ ಇಲ್ಲ, ಮುಳ್ಳೂ ಇಲ್ಲ.

"ನೋಡಿ, ಮುಚ್ಚುಮರೆ ಇಲ್ದೆ ಹೇಳ್ತೀನಿ. ಜವಾನ ನಿಮ್ಮ ಹಿಂದೆ ಬರ್ತಾನೆ, ಮುಟ್ಟೋದಿಲ್ಲ. ಯಾರಾದ್ರೂ ಕೈ ಹಿಡಿದ್ರೆ, ದಾರಿ ಹೇಳಿದ್ರೆ, ಅಲ್ಲಿಗೆ ಮುಗೀತು. ನಿಮ್ಮ ಹಿಂದೆ ಇನ್ನೊಬ್ರು ಕಾಯ್ತಿದ್ದಾರೆ."

"ಆಯ್ತು ಮೇಡಂ," ಎಂದ ತಂತಿಯಣ್ಣ.

"ಅಮ್ಮಾ, ನೀವು ಅಂಗಳದ ಬೆಂಚಲ್ಲಿ ಕೂತ್ಕೊಳ್ಳಿ. ಕೆಮ್ಮೋದೂ ಬೇಡ."

ಮೇಲ್ವಿಚಾರಕಿ ಮೇಲೆ ಹೋಗಿ ಪಡಸಾಲೆಯ ಕೊನೆಯಲ್ಲಿ ನಿಂತಳು. ದರ್ಜಿಯಮ್ಮ ಬೆಂಚಿನ ತುದಿಯಲ್ಲಿ ಕೂತಳು. ಅಲ್ಲಿಂದ ಕೆಳಗಿನ ಹಜಾರವೂ ಕಾಣುತ್ತಿತ್ತು, ಮೇಲಿನ ಪಡಸಾಲೆಯೂ ಕಾಣುತ್ತಿತ್ತು.

ಗಂಡ ಒಳಗೆ ಬಂದ. ಕೋಲು ಕಾಲಿನ ಮುಂದೆ ಸಣ್ಣಗೆ ಆಡುತ್ತಿತ್ತು. ಮೊದಲ ಕಂಬದ ಹತ್ತಿರ ನಿಂತು, ಹಿಂಗೈಯಿಂದ ಅದನ್ನು ತಟ್ಟಿ, ಬಲಕ್ಕೆ ತಿರುಗಿದ. ಸರಿ. ದೂರು ಕೊಡಲು ನಿಂತಿದ್ದವರು ಬಾಯಿ ಮುಚ್ಚಿ ದಾರಿ ಬಿಟ್ಟರು. ಎರಡನೆಯ ಕಂಬ. ಸರಿ. ಮೆಟ್ಟಿಲ ಪಕ್ಕದ ಕಂಬಿಗೆ ಕೈ ಹಾಕಿದಾಗ ಅದು ಅಲ್ಲೇ ಇತ್ತು, ಮೊಡವೆ ಲೆಕ್ಕ ಒಂದೂ ತಪ್ಪಿರಲಿಲ್ಲ. ದರ್ಜಿಯಮ್ಮ ಬೆಂಚಿನ ಮೇಲೆ ಹಿಂದಕ್ಕೆ ಸರಿದು ಕೂತಳು. ಮೆಟ್ಟಿಲ ತಿರುವಿನಲ್ಲಿ ಅವನ ತಲೆ ಮರೆಯಾಗಿ ಮತ್ತೆ ಮೇಲೆ ಕಂಡಿತು. ಅವನು ಗೋಡೆ ಹುಡುಕಿದ. ಗೋಡೆಗೆ ಸೊಂಟದ ಎತ್ತರದಲ್ಲಿ ನಯವಾದ ಮರದ ಪಟ್ಟಿ ಬಡಿದಿದ್ದರು. ಬಲಗೈ ಅದರ ಮೇಲೆ ಕೂತಿತು. ನಡೆದ.

ಆಗ ಗಾಳಿ ಬೀಸಿತು. ಪಡಸಾಲೆಯ ಒಂದು ಕಿಟಕಿಯ ರೆಕ್ಕೆ ಕಿರ್ರೆಂದು ಹೊರಕ್ಕೆ ಬಂದು ನಿಂತಿತು.

ದರ್ಜಿಯಮ್ಮನ ಕಣ್ಣು ಅಲ್ಲಿಗೆ ಹೋಯಿತು. ಅದರ ಆಚೆ ಇನ್ನೊಂದು. ಅದರಾಚೆ ಮತ್ತೊಂದು. ಕಬ್ಬಿಣದ ಚೌಕಟ್ಟಿನ ರೆಕ್ಕೆಗಳು, ಮುಖದ ಎತ್ತರಕ್ಕೆ, ಮೊಳದುದ್ದ ಪಡಸಾಲೆಗೆ ಚಾಚಿಕೊಂಡು ಸಾಲಾಗಿ ನಿಂತಿದ್ದವು. ಪಟ್ಟಿಯ ಮೇಲಿನ ಕೈ ಅವುಗಳ ಕೆಳಗೆ ನುಸುಳಿ ಹೋಗುತ್ತದೆ. ಕೋಲೂ ಕೆಳಗೇ ಹೋಗುತ್ತದೆ. ತಲೆ ಹೋಗುವುದಿಲ್ಲ.

ಎಡಕ್ಕೆ ಒಂದು ಹೆಜ್ಜೆ ಸರಿದರೆ ಸಾಕು! ಸರಿಯುವುದಿಲ್ಲ, ಅವನ ಮಟ್ಟಿಗೆ ಎಡಕ್ಕೆ ಪ್ರಪಾತ. ಆ ಅಂಚಿಗೆ ಉದ್ದಕ್ಕೂ ಎದೆಯೆತ್ತರದ ಕಬ್ಬಿಣದ ಕಟಕಟೆ ಇದೆ, ಆನೆ ಒರಗಿದರೂ ಅಲ್ಲಾಡದ್ದು. ಸಣ್ಣ ಸಲಾಕೆಗಳು ಬೆರಳಿಗೆ ಮುರಿಯುತ್ತವೆಂದು ಅವನ ಕೈಗೆ ಕೊಡುವ ಮುಂಚೆಯೇ ಅವಳು ಅದನ್ನೂ ತೆಗೆದಿದ್ದಳು. ಬೆರಳಿಗೆ ಅಡ್ಡವಾಗುವುದು ಮೈಗೂ ಅಡ್ಡವಾಗುತ್ತದೆ ಎಂಬಷ್ಟು ಬುದ್ಧಿ ತನಗೆ ಯಾಕೆ ಹೊಳೆಯಲಿಲ್ಲ?

ಕೂಗಬೇಕು. ಎದ್ದು ನಿಂತಿದ್ದಳು, ತನಗೇ ಗೊತ್ತಿಲ್ಲ. "ತಲೆ" ಎಂಬ ಎರಡಕ್ಷರ ನಾಲಿಗೆಯ ತುದಿಗೆ ಬಂದಿತ್ತು. ಕೂಗಿದರೆ ಹಣೆ ಉಳಿಯುತ್ತದೆ. ಮತ್ತೆ ಆ ಕುರ್ಚಿ, ಆ ಕಿಟಕಿ, ಹಾಕದೆ ಬಿಟ್ಟ ಅಂಗಿ. ಕೂಗದಿದ್ದರೆ ಕಬ್ಬಿಣದ ಮೂಲೆ ಎಲ್ಲಿಗೆ ಬಡಿಯುತ್ತದೋ, ಹಣೆಗೋ, ಕಣ್ಣಿಗೋ. ಮನೆಯಿಂದ ಹೊರಡುವಾಗ ಅವನು ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದ್ದ: "ನಾನು ಬಿದ್ರೂ ನೀನು ಬಾಯಿ ಬಿಡ್ಕೂಡ್ದು. ಬಿದ್ದೋನು ಎದ್ದೇಳ್ತಾನೆ. ಮಾತು ಕೊಡು." ಕೊಟ್ಟಿದ್ದಳು. ಆಗ ಕಿಟಕಿಗೆ ರೆಕ್ಕೆ ಇರಲಿಲ್ಲವಲ್ಲ!

ಅವನು ನಡೆಯುತ್ತಿದ್ದ. ಸರಾಗವಾಗಿ, ಕಂಬ ಹತ್ತುತ್ತಿದ್ದ ಕಾಲದ ಭುಜಗಳನ್ನು ಹೊತ್ತು. ಅವನು ಇಷ್ಟು ಧೈರ್ಯದಿಂದ ನಡೆದದ್ದನ್ನು ನೋಡಿ ವರ್ಷಗಳಾಗಿದ್ದವು, ಆ ಧೈರ್ಯವೇ ಈಗ ಕೊಲ್ಲುವಂತಿತ್ತು. ಹಿಂದೆ ಬರುತ್ತಿದ್ದ ಜವಾನನಿಗೂ ರೆಕ್ಕೆ ಕಂಡಿತು; ಕೈ ಎತ್ತಿದ. ಎದುರಿಗಿದ್ದ ಮೇಲ್ವಿಚಾರಕಿಗೂ ಕಂಡಿತು. ಅವಳ ಬಾಯಿ ತೆರೆದು ಹಾಗೇ ನಿಂತಿತು. ಮೂವರೂ ನೋಡುತ್ತಿದ್ದರು. ನೋಡಲಾಗದವನೊಬ್ಬ ನಡೆಯುತ್ತಿದ್ದ.

ದರ್ಜಿಯಮ್ಮ ಮುಂಗೈಯನ್ನು ಹಲ್ಲಿನ ನಡುವೆ ಕಚ್ಚಿಕೊಂಡಳು.

ಶಬ್ದ ದೊಡ್ಡದಲ್ಲ. ಟಪ್ ಎಂದಿತು, ತೆಂಗಿನ ಚಿಪ್ಪಿಗೆ ಲಟ್ಟಣಿಗೆ ತಾಗಿದ ಹಾಗೆ. ಅವನು ಹಿಂದಕ್ಕೆ ತೂರಾಡಿದ. ಕೋಲು ಬಿತ್ತು. ಜವಾನ ಮುಂದೆ ನೆಗೆದವನು ಮೇಲ್ವಿಚಾರಕಿ ಬೇಡವೆಂದು ಎತ್ತಿದ ಅಂಗೈ ನೋಡಿ ನಿಂತ.

ಗೋಡೆಗೆ ಒರಗಿ ಅವನು ಹಣೆ ಮುಟ್ಟಿಕೊಂಡ. ಬೆರಳು ಒದ್ದೆಯಾಗಿರಬೇಕು, ಉಜ್ಜಿ ನೋಡಿದ. ಎಡಕ್ಕೆ ತಿರುಗುತ್ತಾನೆ, ಮೆಟ್ಟಿಲ ಕಡೆ ವಾಪಸು ಹೊರಡುತ್ತಾನೆ ಎಂದುಕೊಂಡಳು ದರ್ಜಿಯಮ್ಮ. ಅವನು ಕೂತು ಕೋಲು ಹುಡುಕಿದ. ಎದ್ದ. ಕೈಯನ್ನು ಮುಂದೆ ಚಾಚಿ, ತನಗೆ ಹೊಡೆದದ್ದನ್ನು ಹುಡುಕಿ ಹಿಡಿದ. ಕೆಳಗಿನ ಮೂಲೆ, ಮೇಲಿನ ಮೂಲೆ, ಕೀಲು, ಒಂದೊಂದಾಗಿ ತಡವಿದ. ಮನೆಯಲ್ಲಿ ಇಟ್ಟಿಗೆಯ ಕಚೇರಿಯನ್ನು ತಡವುತ್ತಿದ್ದ ಹಾಗೆಯೇ, ಅವಸರವಿಲ್ಲದೆ. ಆಮೇಲೆ ರೆಕ್ಕೆಯನ್ನು ದಬಕ್ಕೆಂದು ಮುಚ್ಚಿದ.

"ಯಾರ್ರೀ ಅದು?" ಒಳಗಿನಿಂದ ದನಿ. "ಗಾಳಿ ಬೇಡ್ವಾ ನಮಗೆ?"

ಅವನು ಮುಂದಿನ ಕಿಟಕಿಗೆ ಹೋದ. ಈಗ ಪಟ್ಟಿಯ ಮೇಲೆ ಕೈ ಇರಲಿಲ್ಲ, ಮುಖದ ಮುಂದೆ ಇತ್ತು. ಸಿಕ್ಕಿತು. ದಬಕ್.

"ಏಯ್, ಕಾಗದ ಹಾರ್ತಾ ಇಲ್ಲ, ತೆಗೀರಿ!"

ದಬಕ್. ಹೀಗೆ ಪಡಸಾಲೆಯುದ್ದಕ್ಕೂ ಗುಮಾಸ್ತರ ಬೈಗುಳ ತಿನ್ನುತ್ತ, ಒಂದೊಂದೇ ಕಿಟಕಿ ಮುಚ್ಚುತ್ತ ಹೋಗಿ, ಕೊನೆಯ ಬಾಗಿಲೊಳಗೆ ಮಾಯವಾದ. ಮೇಲ್ವಿಚಾರಕಿ ಹಿಂದೆಯೇ ಹೋದಳು.

ಬೆಂಚಿನ ಮುಂದೆ ನಿಂತ ದರ್ಜಿಯಮ್ಮನಿಗೆ ಇನ್ನೇನೂ ಕಾಣಲಿಲ್ಲ. ಮುಂಗೈಯಲ್ಲಿ ಹಲ್ಲಿನ ಗುರುತು ನೀಲಿಯಾಗಿತ್ತು. ಎಷ್ಟೋ ಹೊತ್ತಿನ ಮೇಲೆ ಜವಾನ ಮೇಲಿನಿಂದ ಬಗ್ಗಿದ.

"ಮಂಡಿನೋವಮ್ಮಾ, ಬನ್ನಿ ಮೇಲೆ!"

ಅವಳು ಹತ್ತಿದಳೋ ಹಾರಿದಳೋ. ಕೋಣೆಯೊಳಗೆ ಗಂಡ ಕುರ್ಚಿಯಲ್ಲಿ ಕೂತಿದ್ದ. ಹಣೆಗೆ ಕರವಸ್ತ್ರ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಫೋನು ಹಿಡಿದಿದ್ದ. ಆ ಕಡೆಯವರ ಕಿರುಚಾಟ ಬಾಗಿಲಿಗೂ ಕೇಳುತ್ತಿತ್ತು.

"ಹೌದಮ್ಮ... ಹೌದು... ಬೈಯಿರಿ, ಪರವಾಗಿಲ್ಲ, ನನಗೆ ಅಭ್ಯಾಸ ಇದೆ. ಯಾವ ಬೀದಿ ಹೇಳಿದ್ರಿ?"

ಮೇಲ್ವಿಚಾರಕಿ ಕನ್ನಡಕ ಒರೆಸುತ್ತ ದರ್ಜಿಯಮ್ಮನ ಕಡೆ ತಿರುಗಿದಳು. "ಸೋಮವಾರದಿಂದ ಬರ್ಲಿ. ಮೊದಲು ಆ ಹಣೆಗೆ ಹೊಲಿಗೆ ಹಾಕಿಸಿ." ಆಮೇಲೆ ಅವನಿಗೆ ಕೇಳುವ ಹಾಗೆ, "ಆ ಕಿಟಕಿಗಳನ್ನ ಹೊರಕ್ಕೆ ತೆಗೀಬಾರದು ಅಂತ ಎಲ್ಲರಿಗೂ ಹೇಳಿಸ್ತೀನಿ."

"ಬೇಡ ಮೇಡಂ," ಎಂದ ತಂತಿಯಣ್ಣ ಫೋನು ಇಡುತ್ತ. "ಇರೋ ಹಾಗೇ ಇರ್ಲಿ. ನನಗೆ ಗೊತ್ತಾಯ್ತಲ್ಲ."

ಹೊರಗೆ ಪಡಸಾಲೆಗೆ ಬಂದ ಮೇಲೆ ಅವನು ನಿಂತ. ದರ್ಜಿಯಮ್ಮ ಪಕ್ಕದಲ್ಲಿ ನಿಂತಳು. ಅವನು ಅವಳ ಕಡೆ ಮುಖ ತಿರುಗಿಸಲಿಲ್ಲ.

"ಅವತ್ತು ಒಂದ್ಸಲ ಚುಚ್ಚಿತ್ತಲ್ಲ. ಅದು ಇದೇ ಅಲ್ವಾ?"

"ಹೂಂ."

"ನಾನು ಕೇಳ್ದೆ. ಏನಿಲ್ಲ ಅಂದೆ."

"ಅಂದೆ. ರೀ, ನಾನು ಕೆಳಗಿಂದ ನೋಡ್ತಿದ್ದೆ. ಹೊಡೆಯೋದು ಮೊದಲೇ ಕಾಣ್ತು. ಕೂಗಲಿಲ್ಲ."

ಕೆಳಗೆ ಯಾರೋ ನೀರಿಲ್ಲವೆಂದು ಜಗಳ ತೆಗೆದಿದ್ದರು.

"ಅದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ," ಎಂದ. "ಏನಿಲ್ಲ ಅಂದೆಯಲ್ಲ, ಅದಕ್ಕಿದೆ. ಇನ್ನೇನೇನು ತೆಗೆದಿದ್ದೀಯ?"

ಅವಳು ತಲೆಯೆತ್ತಿ ಸುತ್ತ ನೋಡಿದಳು. ಇಷ್ಟು ಸಲ ಬಂದರೂ ಈ ಕಚೇರಿಯನ್ನು ಈಗಲೇ ಮೊದಲ ಸಲ ನೋಡುತ್ತಿರುವಂತಿತ್ತು. "ಎಡಕ್ಕೆ ಕಟಕಟೆ ಇದೆ."

"ಎಲ್ಲಿ?"

"ಪಡಸಾಲೆ ಉದ್ದಕ್ಕೂ. ಎದೆ ಎತ್ತರ."

ಅವನು ಕೈ ಚಾಚಲಿಲ್ಲ. ಕೋಲನ್ನು ಮಾತ್ರ ಎಡಕ್ಕೆ, ಇಷ್ಟಿಷ್ಟೇ, ನೀರಿನ ಆಳ ನೋಡುವವನಂತೆ ಕಳಿಸಿದ. ಕಬ್ಬಿಣ ಠಣ್ಣೆಂದಿತು. ಇನ್ನೊಂದು ಸಲಾಕೆ, ಇನ್ನೊಂದು. ಆಮೇಲೆ ಕೈಯಿಟ್ಟು ಅಲ್ಲಾಡಿಸಿ ನೋಡಿದ.

"ಇಷ್ಟು ದಿನ ನನ್ನನ್ನ ಬಂಡೆ ಅಂಚಲ್ಲಿ ನಡೆಸಿದ್ದೀಯಲ್ಲೇ, ಮಹಾತಾಯಿ."

"ತಪ್ಪಾಯ್ತು."

"ತಪ್ಪು ಆಮೇಲೆ. ಇನ್ನೇನಿದೆ, ಹೇಳು."

"ಮೆಟ್ಟಿಲ ಮೇಲೆ ಒಂದು ದೀಪ ಇಳಿಬಿಟ್ಟಿದ್ದಾರೆ. ನಿಮ್ಮ ತಲೆಗೇನೂ ತಾಗಲ್ಲ."

"ತಾಗುತ್ತೋ ಇಲ್ವೋ ನಾನು ನೋಡ್ಕೋತೀನಿ," ಎಂದ ಅವನು, ಕೋಲನ್ನು ತಲೆಯ ಮೇಲಕ್ಕೆ ಎತ್ತುತ್ತ. "ಯಾವ ಕಡೆ?"